ಅಕ್ಕನ ಜೊತೆ ಕಾರೂ ಶಾಲೆಗೆ ಹೋಗಬೇಕೆ?

ನಮ್ಮ ಅಕ್ಕ ಕಾರು ಓಡಿಸುವಾಗ ಹಾರ್ನ್ ಬಾರಿಸುವುದಿಲ್ಲ, ಮಾತಾಡಿಸುತ್ತಾಳೆ! ಸಂಜೆ ಹೊತ್ತು ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಹಾರ್ನ್ ಇಲ್ಲದೆ ದಾರಿ ಕೇಳುವವರು ಇಬ್ಬರೇ. ಒಂದು ಎಮ್ಮೆ, ಇನ್ನೊಂದು ನಮ್ಮ ಅಕ್ಕ. ಆಕೆ ಗಾಜು ಇಳಿಸಿ, ಅರ್ಧ ಮೈ ಹೊರಗೆ ಹಾಕಿ, ಮುಂದಿನ ಆಟೋದವನನ್ನು ಕರೆಯುತ್ತಾಳೆ.

“ತಮ್ಮಾ, ಜರಾ ಬಾಜೂಕ ಸರಿಯಪ್ಪಾ. ಊಟ ಆಯ್ತೇನು?”

ಹಾರ್ನಿಗೆ ಯಾರು ಸರಿಯುತ್ತಾರೆ ಹೇಳಿ? ಊಟ ಆಯಿತಾ ಎಂದು ಕೇಳಿದವರಿಗೆ ಮಾತ್ರ ದಾರಿ ಬಿಡಲೇಬೇಕಾಗುತ್ತದೆ. ಒಮ್ಮೆ ಟ್ರಾಫಿಕ್ ಪೊಲೀಸಪ್ಪ ಬಂದು, “ಹಾರ್ನ್ ಕೆಟ್ಟಾದೇನ್ರಿ ಅಮ್ಮಾರ?” ಎಂದು ಕೇಳಿದ. “ಇಲ್ರಿ ಸಾಹೇಬ್ರ, ಛಲೋ ಅದ. ಮಂದಿ ಮ್ಯಾಲ ಒದರೂ ಪದ್ಧತಿ ನಮ್ಮನ್ಯಾಗ ಇಲ್ಲ” ಎಂದಳು. ಪಕ್ಕದಲ್ಲಿ ಕೂತಿದ್ದ ನಾನು ಸುಮ್ಮನೆ ರಸ್ತೆ ನೋಡಿದೆ. ಅಕ್ಕ ಮನೆಯಲ್ಲಿ ಒದರಿದರೆ ಹಿಂದಿನ ಓಣಿಯ ನಾಯಿಗಳು ಎದ್ದು ನಿಲ್ಲುತ್ತವೆ.

ಅಕ್ಕ ಇರುವುದು ಕಮಲಾಪುರದಲ್ಲಿ, ಕೆಂಪು ಬಾಳೆಯ ತೋಟದ ಒಡತಿ. ನಾನು ಕಲಬುರಗಿಯವನು; ಮೆಟ್ರಿಕ್ ಮುಗಿಸಿ, ಬೇಳೆ ಮಿಲ್ಲಿನ ತಕ್ಕಡಿಯ ಪಕ್ಕ ಕೂತು ಮುದುಕನಾದವನು. ಕಾರು ನಮ್ಮ ಭಾವನದು. ಭಾವ ತೀರಿಕೊಂಡ ಮೇಲೆ ಅದನ್ನು ಓಡಿಸುವವರಿರಲಿಲ್ಲ. ಅಕ್ಕ ಅದರ ಹಿಂದಿನ ಸೀಟಿನಲ್ಲಿ ಬಾಳೆಗೊನೆ ಮಲಗಿಸಿ, ಗೋಣಿಚೀಲ ಹೊದಿಸಿ, ಗಾಜು ಏರಿಸಿ, ಬಿಸಿಲಿಗೆ ಬಿಟ್ಟಳು. ಹಣ್ಣು ಏನು ಚೆಂದ ಮಾಗುತ್ತಿತ್ತು ಅಂತೀರಿ! ಒಂದು ದಿನ ಹಣ್ಣು ಒಯ್ಯುವ ಟೆಂಪೋ ಬರಲಿಲ್ಲ. ಅಕ್ಕ ಮರುದಿನವೇ ಡ್ರೈವಿಂಗ್ ಕಲಿಯಲು ಹೊರಟಳು.

“ಈ ವಯಸ್ಸಿನಾಗ ಯಾಕಕ್ಕಾ?” ಎಂದೆ.

“ಹಣ್ಣು ಹಿಂದ ಕುಂತಾವ. ನಾ ಮುಂದ ಕುಂತ್ರ ಆಯ್ತಲ್ಲ, ಅದರಾಗ ಏನದ?”

ಅಂದಿನಿಂದ ಪ್ರತಿ ಸೋಮವಾರ ಆಕೆ ಕಲಬುರಗಿಗೆ ಬರುತ್ತಾಳೆ. ಹಣ್ಣು ಇಳಿಸಿ, ನನ್ನನ್ನು ಹತ್ತಿಸಿಕೊಂಡು ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗುತ್ತಾಳೆ. ಆಮೇಲೆ ಇಬ್ಬರೂ ಕಾರಿನಲ್ಲೇ ಕೂತು ಮಂಡಕ್ಕಿಯ ಸುಸಲಾ, ಮಿರ್ಚಿ ಬಜ್ಜಿ ತಿನ್ನುತ್ತೇವೆ. ಮನೆಗೆ ಬಂದಾಗ ನನ್ನ ಅಂಗಿಗೆ ಹತ್ತಿದ ಬಾಳೆಹಣ್ಣಿನ ವಾಸನೆಗೆ ನನ್ನ ಹೆಂಡತಿ ದೂರದಿಂದಲೇ ಮೂಗು ಮುಚ್ಚಿಕೊಂಡು, “ಮಾಗಿದ್ರೇನ್ರಿ?” ಎಂದು ಕೇಳುತ್ತಾಳೆ.

ಇಂಥ ಅಕ್ಕ ಈ ವರ್ಷ ಹೈದರಾಬಾದಿನ ಒಂದು ಬೇಕರಿ ಶಾಲೆಗೆ ಸೇರಿಬಿಟ್ಟಳು! ಆರು ತಿಂಗಳ ಕೋರ್ಸು, ಹಾಸ್ಟೆಲು, ತಲೆಗೆ ಬಿಳಿ ಟೊಪ್ಪಿಗೆ. ಪರರಾಜ್ಯ, ಪರಭಾಷೆ, ಎಪ್ಪತ್ತರ ಹತ್ತಿರದ ವಿದ್ಯಾರ್ಥಿನಿ. ಕಾರಣ ಕೇಳಿದೆ.

“ಹುಟ್ಟಿದಾಗಿಂದ ರೊಟ್ಟಿ ಬಡದೇನಿ. ದುಂಡಗ, ದುಂಡಗ, ಬರೇ ದುಂಡಗ! ಸಾಯೂದ್ರಾಗ ಒಂದ್ಸಲ ಚೌಕ ಮಾಡಬೇಕಾಗ್ಯಾದ.”

ಬೀದರಿನಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ ಅತ್ತು, ಕರೆದು, ಕೊನೆಗೆ, “ಮಾಮಾ ಹೂಂ ಅಂದ್ರ ಹೋಗು” ಎಂದು ನನ್ನ ತಲೆಗೆ ಕಟ್ಟಿದಳು. ನಾನು ಶಾಲೆಗೆ ಹೂಂ ಅಂದೆ. ಅಷ್ಟರಲ್ಲಿ ಅಕ್ಕ ಇನ್ನೊಂದು ಮಾತು ತೆಗೆದಳು: ಕಾರೂ ಬರುತ್ತದೆ.

ಇದರ ತೀರ್ಮಾನಕ್ಕೆ ಅಕ್ಕನೇ ಒಂದು ಪದ್ಧತಿ ಹುಡುಕಿದಳು. ಕಾರು ಬೇಕು ಅನ್ನುವ ಒಂದೊಂದು ಮಾತಿಗೆ ಒಂದು ಕೆಂಪು ಬಾಳೆಹಣ್ಣು, ಬೇಡ ಅನ್ನುವುದಕ್ಕೆ ಒಂದು ಹಳದಿ ಬಾಳೆಹಣ್ಣು. ಎರಡು ತಟ್ಟೆ. ತೀರ್ಪು ಹೇಳುವ ಪಂಚರು ನನ್ನ ಹೆಂಡತಿ.

“ಹಾಸ್ಟೆಲ್ ಶಾಲಿ ಗ್ವಾಡಿಗೇ ಹತ್ಯಾದ. ಕಾರು ಹತ್ತಿ ಎಲ್ಲಿಗಿ ಹೋಗ್ತಿ?” ಎಂದೆ. ಒಂದು ಹಳದಿ ಬಿತ್ತು.

“ಹಬ್ಬಕ್ಕ ಊರಿಗಿ ಬರ್ತೀನಿ.” ಒಂದು ಕೆಂಪು.

“ಅಲ್ಲಿ ಮಂದಿ ನಿನ್ನ ಮಾತಿಗಿ ದಾರಿ ಬಿಡೂದಿಲ್ಲ.” ಹಳದಿ.

“ಹೈದರಾಬಾದದವರು ಊಟ ಮಾಡೂದಿಲ್ಲೇನು?” ಕೆಂಪು.

ಹೀಗೆ ಮಧ್ಯಾಹ್ನದವರೆಗೆ ನಡೆಯಿತು. ಎಣಿಸಿದಾಗ ನಾನೇ ಗೆಲ್ಲಬೇಕಿತ್ತು, ಆದರೆ ಸೋತಿದ್ದೆ. ವಾದದ ಕಾವಿನಲ್ಲಿ ಹಸಿವಾಗಿ ನನ್ನ ಕಡೆಯ ಎರಡು ಕಾರಣಗಳನ್ನು ನಾನೇ ಸುಲಿದು ತಿಂದುಬಿಟ್ಟಿದ್ದೆ! “ಸಿಪ್ಪಿ ಲೆಕ್ಕಕ್ಕ ಬರೂದಿಲ್ಲ” ಎಂದು ಹೆಂಡತಿ ತೀರ್ಪು ಕೊಟ್ಟಳು.

ಇಲ್ಲಿಯವರೆಗೆ ನಕ್ಕಿದ್ದರೆ ಸಂತೋಷ. ಇನ್ನು ಮುಂದಿನದು ನಾನು ಮಾಡಿದ ಕೆಲಸ. ಯಾರೂ ಕೇಳಿಲ್ಲ, ನಾನಾಗಿ ಹೇಳುತ್ತಿದ್ದೇನೆ.

ದೂರದ ಪ್ರಯಾಣ ಎಂದು ಅಕ್ಕ ಕಾರನ್ನು ಕಪನೂರಿನ ಒಂದು ಶೆಡ್ಡಿನಲ್ಲಿ ಸರ್ವಿಸಿಗೆ ಬಿಟ್ಟಿದ್ದಳು. ನಾನು ಆಟೋ ಹಿಡಿದು ಅಲ್ಲಿಗೆ ಹೋದೆ. ಮಿಸ್ತ್ರಿ ಕಾರಿನ ಕೆಳಗೆ ಮಲಗಿದ್ದ. ನಾನೂ ಮೊಣಕಾಲೂರಿ ಬಗ್ಗಿ, ಇಂಜಿನ್ನು ಕೆಟ್ಟಿದೆ ಎಂದು ಅಕ್ಕನಿಗೆ ಹೇಳು ಎಂದೆ.

“ಕಾಕಾ, ಇಂಜಿನ್ ಎಕದಮ್ ಫಸ್ಟ್ ಕ್ಲಾಸ್ ಅದ.”

“ಇರ್ಲಿ. ಹುಮನಾಬಾದ ದಾಟೂದಿಲ್ಲ ಅಂತ ಹೇಳು.”

“ಸುಳ್ಳ ಯಾಕ ಹೇಳ್ಲಿ?”

“ವಯಸ್ಸಾದಾಕಿ. ಆಕೀ ಜೀವದ ಸಲುವಾಗಿ.”

ಆ ಮಾತು ಹೇಳುವಾಗ ಟವೆಲಿನಿಂದ ಕಣ್ಣು ಕೂಡ ಒರೆಸಿಕೊಂಡೆ. ಎಂಥ ನಟ ನೋಡಿ! ಜೀವದ ಸಲುವಾಗಿಯೇನೋ ಹೌದು, ಆಕೆಯದಲ್ಲ. ಆರು ತಿಂಗಳ ಸೋಮವಾರಗಳು ನನ್ನ ಕಣ್ಣೆದುರು ಸಾಲಾಗಿ ನಿಂತಿದ್ದವು. ನನ್ನ ಜೊತೆಯವರಲ್ಲಿ ಅರ್ಧ ಮಂದಿ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದಾರೆ. ನನ್ನನ್ನು ಮನೆಯಿಂದ ಹೊರಗೆ ಕರೆದೊಯ್ಯಲು ಬರುವವಳು ಅಕ್ಕ ಒಬ್ಬಳೇ. ಕಾರು ನಿಂತರೆ ಅಕ್ಕನೂ ನಿಲ್ಲುತ್ತಾಳೆ ಎಂಬುದು ನನ್ನ ಲೆಕ್ಕ.

ಲೆಕ್ಕ ತಪ್ಪಲಿಲ್ಲ. ಮಿಸ್ತ್ರಿ ಹೇಳಿದ. ಅಕ್ಕ “ಹೌದಾ” ಎಂದಳು. ಗಾಡಿ ಇಲ್ಲದೆ ತಾನೂ ಹೋಗುವುದಿಲ್ಲ ಎಂದಳು. ಅಷ್ಟೇ. ಕೂಗಲಿಲ್ಲ, ನಾಯಿಗಳು ಏಳಲಿಲ್ಲ. ಮುಂದಿನ ಸೋಮವಾರ ಮಿರ್ಚಿ ತಿನ್ನುವಾಗಲೂ ಆ ಮಾತು ಎತ್ತಲಿಲ್ಲ. ನಾನು ಗೆದ್ದಿದ್ದೆ, ನನ್ನ ಪಾಲಿನ ಮಿರ್ಚಿ ಮಾತ್ರ ಕಾಗದದಲ್ಲೇ ಆರಿಹೋಯಿತು.

ಶಾಲೆ ಶುರುವಾಗುವ ಹಿಂದಿನ ದಿನ ತಡೆಯಲಾಗದೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಅಕ್ಕ ಮನೆ ಮುಂದೆ ನಿಂತ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಬಾಳೆಗೊನೆ ಇರಲಿಲ್ಲ. ಚೀಲ, ಹಾಸಿಗೆ ಇದ್ದವು. ನಾನು ಪಕ್ಕದಲ್ಲಿ ಕೂತು, ಮುಂದಿನ ಗಾಜನ್ನೇ ನೋಡುತ್ತಾ ಎಲ್ಲವನ್ನೂ ಹೇಳಿದೆ.

“ಗೊತ್ತದ,” ಎಂದಳು. “ಅವತ್ತೇ ಸಂಜೀಕ ಮಿಸ್ತ್ರಿ ಫೋನ್ ಮಾಡಿದ್ದ. ‘ಅಮ್ಮಾ, ಕಾಕಾ ಸುಳ್ಳ ಹೇಳಸ್ಯಾರ, ನನಗ ನಿದ್ದಿ ಬರವಲ್ದು’ ಅಂದ.”

“ಮತ್ತ ಯಾಕ ಸುಮ್ಮ ಕುಂತಿ? ನಾಳಿಗಿ ಶಾಲಿ ಅದ!”

“ನೀ ಹೇಳ್ತಿ ಏನು ಅಂತ ಕಾದೆ.”

“ನಾ ಹೇಳದಿದ್ರ?”

“ಹೋಗತಿದ್ದಿಲ್ಲ. ಇಲ್ಲಿ ಇಂಥಾ ಸುಳ್ಳ ಹೇಳೂ ಅಷ್ಟು ಹೆದರಿದಾಂವನ್ನ ಬಿಟ್ಟು ಹ್ಯಾಂಗ ಹೋಗಲಿ?”

ಮುದುಕನಾದವನು ಅಳಬಾರದೆಂದು ಮಾತು ತಿರುಗಿಸಿದೆ. “ಅದು ಇರ್ಲಿ. ಖರೇ ಹೇಳು, ಅಲ್ಲಿ ಕಾರು ಯಾಕ ಬೇಕು ನಿನಗ?”

ಅಕ್ಕ ಸೆರಗಿನಿಂದ ಸ್ಟಿಯರಿಂಗ್ ಒರೆಸಿದಳು.

“ಹಾಸ್ಟೆಲ್ಲಿನಾಗ ಒಂದು ಖೋಲಿಗಿ ನಾಕು ಮಂದಿ. ಉಳದವ್ರು ಮಮ್ಮಗಳ ವಯಸ್ಸಿನವ್ರು. ಅಳು ಬಂದ್ರ ಎಲ್ಲಿಗಿ ಹೋಗ್ಲಿ? ಮುದುಕಿ ಅತ್ರ ಅವು ಹೆದರ್ತಾವ.”

“ನೀ ಎಲ್ಲಿ ಅಳ್ತಿ? ಭಾವ ಹೋದಾಗ ಸೈತ ಅಳಲಿಲ್ಲ.”

“ಇದರಾಗ,” ಎಂದಳು. “ಗಾಜು ಏರಿಸಿದ್ರ ಯಾರಿಗೂ ಕೇಳ್ಸೂದಿಲ್ಲ.”

ಅಕ್ಕ ಬಲು ಗಟ್ಟಿ, ಕಣ್ಣಲ್ಲಿ ಹನಿ ನೀರು ಬರಲಿಲ್ಲ ಎಂದು ನಾನು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಕೇಳಿದವರು ತಲೆದೂಗಿದ್ದರು.

“ಹೋಗಿ ಬಾ,” ಎಂದೆ. “ಗಾಡಿ ತಗೊಂಡೇ ಹೋಗು.”

ಅಕ್ಕ ಕೀಲಿ ಹಾಕಿದಳು, ಆದರೆ ತಿರುಗಿಸಲಿಲ್ಲ. “ತಮ್ಮಾ, ಜರಾ ಕೆಳಗ ಇಳಿ” ಎಂದಳು.

ಇಳಿದು ಬಾಗಿಲು ಹಾಕಿದೆ. ಒಂದೊಂದಾಗಿ ಗಾಜು ಏರಿದವು. ನಾನು ಕಾರಿಗೆ ಬೆನ್ನು ಮಾಡಿ, ಅಡ್ಡಲಾಗಿ ನಿಂತೆ. ಹಾಲು ಹಾಕುವ ಹೆಣ್ಣುಮಗಳು ಬಂದು ಕತ್ತು ಚಾಚಿದಳು.

“ಯಾಕ್ರಿ ಅಣ್ಣಾ, ಅಮ್ಮಾರ ಗಾಡಿ ಚಾಲೂ ಆಗವಲ್ದೇನು?”

“ಆಗ್ತದವಾ,” ಎಂದೆ. “ಅವಸರ ಏನಿಲ್ಲ.”