ಬಾಯಿಮಾತಿನ ಮಗ

ಮಕ್ಕಳೇ, ನಿಮ್ಮ ಚಿಕ್ಕತಾತನಷ್ಟು ಅಪಾಯದ ಮನುಷ್ಯ ಇಡೀ ಕೊಳ್ಳೇಗಾಲದಲ್ಲೇ ಇರಲಿಲ್ಲ. ಯಾರು ಏನು ಹೇಳಿದರೂ ನಂಬಿಬಿಡುತ್ತಿದ್ದ!

ಅವನು ನನ್ನ ಮೈದುನ. ಆಳೆತ್ತರ ಬೆಳೆದರೂ ಬುದ್ಧಿ ಮಗುವಿನದೇ ಎಂದು ಜನ ಅನ್ನುತ್ತಿದ್ದರು. ಒಮ್ಮೆ ಸತ್ತೇಗಾಲದ ನೆಂಟರು ಬಸ್ಸು ಹತ್ತುವಾಗ ಉಪಚಾರಕ್ಕೆ, "ನೀನೂ ಬಂದ್ಬುಡ್ಲಾ" ಅಂದರು. ಬರಿಮೈಯಲ್ಲೇ ಹತ್ತಿಬಿಟ್ಟ! ಊರೆಲ್ಲ ಹುಡುಕಿ ನಾವು ಸುಸ್ತಾದ ಮೇಲೆ, ಕಂಕುಳಲ್ಲಿ ತೆಂಗಿನಕಾಯಿ ಇಟ್ಟುಕೊಂಡು ವಾಪಸ್ ಬಸ್ಸಿನಿಂದ ಇಳಿದ. "ಕರುದ್ರಲ್ಲ ಅತ್ಗೆ!"

ನಿಮ್ಮ ತಾತ ತೀರಿಕೊಂಡ ಮೇಲೆ ಒಲೆ ಹತ್ತುವುದೇ ಕಷ್ಟವಾಯಿತು. ಇವನಿಗೊಂದು ಕೆಲಸ ಕಲಿಸೋಣವೆಂದು ಇಡ್ಲಿಗೆ ನೆನೆಸಿದ ಅಕ್ಕಿ-ಉದ್ದು ಹಾಕಿ ಒರಳಿನ ಮುಂದೆ ಕೂರಿಸಿ, "ಸಾಕು ಅನ್ನೋಗಂಟ ರುಬ್ಬಪ್ಪ" ಅಂದೆ. ಆಮೇಲೆ ಮರೆತು ಬಟ್ಟೆ ಒಗೆಯಲು ಹೋದೆ. ಬಂದು ನೋಡಿದರೆ ಹಿಟ್ಟಲ್ಲ, ಬೆಣ್ಣೆ! ಇನ್ನೂ ರುಬ್ಬುತ್ತಲೇ ಇದ್ದ.

ಬೆಣ್ಣೆಯಂಥ ಆ ಹಿಟ್ಟಿನಿಂದಲೇ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ರುಬ್ಬುವ ಕೆಲಸ ಸಿಕ್ಕಿತು. ಇಡ್ಲಿಗೆ ಹೆಸರು ಬಂತು. ಆದರೆ ಸಂತೆಯ ದಿನ ಉಳಿದವರಿಗೆಲ್ಲ ಕೂಲಿ, ಇವನಿಗೆ ಮಾತ್ರ ಎರಡು ಇಡ್ಲಿ! ನೆರೆಮನೆಯವಳ ಕೈಲಿ ಕೇಳಿಸಿದರೆ ಹೋಟೆಲ್ ಯಜಮಾನರು, "ಅವನು ಆಳಾ? ನಮ್ಮನೆ ಮಗ ಕಣವ್ವಾ!" ಎಂದು ನಕ್ಕರಂತೆ.

ನಗಬಹುದೇ? ಪಕ್ಕದಲ್ಲೇ ನಿಂತು ಕೇಳಿಸಿಕೊಂಡವನು ಯಾರು! ಏನು ಹೇಳಿದರೂ ನಂಬುವ ನಿಮ್ಮ ಚಿಕ್ಕತಾತ!

ಯುಗಾದಿಯ ದಿನ ಎಣ್ಣೆನೀರು ಹಾಕಿಕೊಂಡು ನೆಟ್ಟಗೆ ಯಜಮಾನರ ಮನೆಗೆ ಹೋಗಿ, ಅವರ ಮಕ್ಕಳ ಪಕ್ಕದ ಮಣೆಯ ಮೇಲೆ ಕೂತು, "ಅಪ್ಪಾ, ನನ್ ಹೊಸಾ ಪಂಚೆ ಎಲ್ಲಿ?" ಅಂದನಂತೆ.

ಅವನ ರಟ್ಟೆ ಹಿಡಿದು ಯಜಮಾನರು ನಮ್ಮ ಬಾಗಿಲಿಗೇ ಬಂದರು. "ಇವನ್ಗೆ ಬುದ್ಧಿ ಹೇಳವ್ವಾ! ಇವನು ನಮ್ಮ ಆಳು, ಮಗ ಅಲ್ಲ!"

ಗಂಡಸರ ಮುಂದೆ ಬಾಯಿ ಬಿಟ್ಟವಳಲ್ಲ ನಾನು. ಬಾಗಿಲ ಮರೆಯಿಂದ ಅದು ಹೇಗೆ ಮಾತು ಹೊರಟಿತೋ! "ಮಗ ಆದ್ರೆ ಪಂಚೆ ಕೊಡಿ ಸಾ. ಆಳಾದ್ರೆ ಕೂಲಿ ಕೊಡಿ. ಎರಡೂ ಇಲ್ಲ ಅಂದ್ರೆ ಎಂಗೆ?"

ಬೀದಿಯವರೆಲ್ಲ ಗೊಳ್ಳೆಂದರು. ಯಜಮಾನರು ಕೆಂಪಗಾದರು.

ಮುಂದಿನ ಸಂತೆಗೆ "ನೀವೂ ಬನ್ನಿ ಅತ್ಗೆ" ಎಂದು ಎಳೆದುಕೊಂಡು ಹೋದ. ನಾನು ಹೋಟೆಲಿನ ಹಿತ್ತಲ ಬಾಗಿಲಲ್ಲೇ ನಿಂತೆ. ಎಲ್ಲರಿಗೆ ಕೊಟ್ಟಷ್ಟೇ ಕೂಲಿಯನ್ನು ಅವನ ಕೈಗಿಟ್ಟು ಯಜಮಾನರು ಕೆಣಕಿದರು:

"ಏನ್ಲಾ, ಈಗ ನಾನು ನಿನ್ಗೆ ಅಪ್ಪ ಅಲ್ವಾ?"

"ಕೂಲಿ ಕೊಟ್ರಲ್ಲ, ಈಗ ನೀವು ಯಜಮಾನ್ರು."

"ಅಂಗಾರೆ ನೀನು ಯಾರ್ ಮಗ್ನೋ?"

ಅವನು ನನ್ನ ಕಡೆ ಕೈ ತೋರಿಸಿದ. "ದಿನಾ ನೀರು ಸೇದ್ತೀನಿ, ಸೌದೆ ಒಡೀತೀನಿ. ಅತ್ಗೆ ಒಂದ್ ಕಾಸೂ ಕೊಡಲ್ಲ. ನಾನು ಅವರ್ ಮಗ."

ಎಲ್ಲರೂ ನಕ್ಕರು. ನನಗೆ ಮಾತ್ರ ಕಣ್ಣೊರೆಸಿಕೊಳ್ಳಲು ಸೆರಗು ಸಾಲಲಿಲ್ಲ.