ಗಿಣಿಯಿಲ್ಲದ ನೊಣಗಳು

ಎಲ್ಲಾ ಶುರುವಾದದ್ದು ಒಂದು ಮುದ್ದಿನ ಮಾತಿನಿಂದ. "ನಾನು ಹುಡುಕೋ ಮೊದಲ ಜೀನಿಗೆ ನಿನ್ನ ಹೆಸರೇ ಇಡ್ತೀನಿ ಗಿಣಿ" ಅಂತ ನೊಣದ ವಿಜ್ಞಾನಿ ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದ. ವರ್ಷಗಟ್ಟಲೆ ಹಣ್ಣಿನ ನೊಣಗಳ ಹಿಂದೆ ಬಿದ್ದು, ಎರಡು ಮಕ್ಕಳಾದ ಮೇಲೆ, ಅಂತೂ ಒಂದು ಹೊಸ ಜೀನು ಸಿಕ್ಕಿತು. ಜಗತ್ತಿನ ನೊಣದವರೆಲ್ಲ ನೋಡುವ ಜೀನುಗಳ ಕಂಪ್ಯೂಟರ್ ಮಾಹಿತಿ ಕೋಶಕ್ಕೆ 'ಗಿಣಿ' ಅಂತ ಹೆಸರು ಕಳಿಸಿ, ಮನೆಗೂ ಫೋನ್ ಮಾಡಿ ಹೇಳಿ, ಮೀಸೆ ತಿರುವುತ್ತ ಕೂತ.

ಪಕ್ಕದ ಮೇಜಿನವಳು ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದಳು. "ಆ ಜೀನು ಕೆಟ್ಟರೆ ನೊಣ ಏನ್ ಮಾಡುತ್ತೆ?"

"ಜಗಳ ಆಡುತ್ತೆ. ಹಣ್ಣಿನ ಹತ್ತಿರ ಯಾರು ಬಂದ್ರೂ ಒದೆಯುತ್ತೆ."

"ಮತ್ತೆ? ಜೀನು ಕೆಟ್ಟಾಗ ಏನಾಗುತ್ತೋ ಅದನ್ನೇ ತಾನೇ ನಾವು ಹೆಸರಾಗಿ ಇಡೋದು? ಕಣ್ಣು ಮೂಡದಿದ್ರೆ 'ಕಣ್ಣಿಲ್ಲದ್ದು' ಅಂತೀವಿ. ಇನ್ನು ಜಗಳಗಂಟಿ ನೊಣ ಕಂಡಾಗೆಲ್ಲ ಲೋಕವೇ 'ಗಿಣಿ' ಅನ್ನುತ್ತೆ. ಮನೇಲಿ ಊಟ ಹಾಕ್ತಾರಾ ನೋಡ್ಕೊಳ್ಳಿ!"

ತಿರುವುತ್ತಿದ್ದ ಮೀಸೆ ಅರ್ಧಕ್ಕೇ ನಿಂತಿತು.

ಪ್ರಯೋಗಾಲಯದ ಮೇಷ್ಟ್ರು ಬಾಗಿಲಲ್ಲೇ ನಕ್ಕರು. "ಏನ್ರೀ, ಹೆಂಡ್ತಿ ಮೇಲೆ ಭಾರೀ ಸೇಡು ತೀರಿಸ್ಕೊಂಡ್ರಂತೆ?"

ಸೀಸೆ ತೊಳೆಯುವ ಅಜ್ಜಿ ಕೈ ಒರೆಸಿಕೊಂಡು ಬಂದಳು. "ಕಟ್ಕೊಂಡವಳನ್ನ ಹೀಗಾ ಆಡ್ಕೊಳ್ಳೋದು ಮಗಾ?"

ಮನೆಗೆ ಫೋನ್ ಮಾಡಿದರೆ ಲೈನು ಬಿಡುವಿಲ್ಲ. ಹೆಂಡತಿ ದೊಡ್ಡಮ್ಮ, ಚಿಕ್ಕಮ್ಮ, ನಾದಿನಿ ಅಂತ ಊರಿಗೆಲ್ಲ ಸಾರುತ್ತಿದ್ದಾಳೆ! ಅವನು ತಕ್ಷಣ ಮಾಹಿತಿ ಕೋಶದ ಕಚೇರಿಗೆ ಫೋನ್ ಒತ್ತಿದ.

"ಬದಲಾಯಿಸಬಹುದು, ಆದ್ರೆ ಒಂದೇ ಸಲ," ಅಂದಳು ಅಲ್ಲಿನ ಅಧಿಕಾರಿ.

"'ಜಗಳಗಂಟ' ಅಂತ ಬರೀರಿ."

"ಅದು ಆಗಲೇ ಬೇರೆಯವರ ಪಾಲಾಗಿದೆ. ಬೇಗ ಹೇಳಿ, ನಾನೂ ಮನೆಗೆ ಹೋಗ್ಬೇಕು."

ಯಾರನ್ನು ಬಲಿ ಕೊಡುವುದು? ಅವನು ಕಣ್ಣು ಮುಚ್ಚಿದ. "'ಗುಂಡ' ಅಂತ ಬರೀರಿ." ಹೆಂಡತಿ ಮುದ್ದು ಬಂದಾಗ ಅವನನ್ನು ಕರೆಯುತ್ತಿದ್ದ ಹೆಸರು. ಅನ್ನಿಸಿಕೊಳ್ಳುವುದಾದರೆ ತಾನೇ ಅನ್ನಿಸಿಕೊಳ್ಳಲಿ, ಅವಳು ಬೇಡ.

ಸಂಜೆ ಹಗುರಾಗಿ ಮನೆಗೆ ಬಂದರೆ, ಹೆಂಡತಿ ಬ್ಯಾಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಮಧ್ಯಾಹ್ನ ನಿಮ್ಮ ಮೇಷ್ಟ್ರನ್ನೇ ಕೇಳ್ದೆ. ಆ ಜೀನು ಇಲ್ದಿದ್ರೆ ನೊಣಗಳು ಕಿತ್ತಾಡ್ತವೆ ಅಂದ್ರು."

"ಗಿಣಿ, ಅದು..."

"ನನಗೆ ಕಣ್ಣೀರೇ ಬಂತು! ನಾನಿಲ್ದಿದ್ರೆ ಈ ಮನೇಲೂ ಅಷ್ಟೇ ತಾನೇ? ನಮ್ಮನೆಯವ್ರು ನನ್ನ ಎಷ್ಟು ಸರಿಯಾಗಿ ಅರ್ಥ ಮಾಡ್ಕೊಂಡಿದ್ದಾರೆ ಅಂತ ಎಲ್ಲರಿಗೂ ಹೇಳ್ಕೊಂಡೆ. ಈಗ ಅಕ್ಕನಿಗೆ ಕಳಿಸೋಣ ಅಂತ ಆ ಕೋಶ ತೆರೆದ್ರೆ, ಅಲ್ಲಿ 'ಗುಂಡ'! ಜಗಳ ಬಿಡಿಸಿ ಬಿಡಿಸಿ ಸಾಯೋಳು ನಾನು, ಹೆಸರು ನಿಮಗಾ?"

"ನಿನಗೋಸ್ಕರಾನೇ ಕಣೇ..."

"ಸಾಕು. ಅಕ್ಕನ ಮನೆಗೆ ಹೊರಟೆ. ಶಾಂತಿ ಕಾಪಾಡೋ ಮಹಾನುಭಾವರು ನೀವೇ ಇದ್ದೀರಲ್ಲ!"

ಅವಳು ಗೇಟು ದಾಟಿದ್ದೇ ತಡ, ಒಳಗೆ ಮಕ್ಕಳಿಬ್ಬರೂ ಉಳಿದ ಒಂದೇ ಬಾಳೆಹಣ್ಣಿಗಾಗಿ ಒಬ್ಬರನ್ನೊಬ್ಬರು ಒದೆಯತೊಡಗಿದರು.