ಪದವೀಧರನ ಮೂಗು

ನಾನು ಪದವೀಧರನಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವನು ನಮ್ಮ ಮಲ್ಲಪ್ಪ ಕಾಕಾ. ಗುಟ್ಟಾಗಿಯೇನೂ ಹೇಳಲಿಲ್ಲ, ಶಲವಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಹತ್ತು ಜನ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಹೇಳಿದ. "ನಮ್ಮ ಮನಿತನದಾಗ ಏಳನೇ ಇಯತ್ತಾ ದಾಟಿದವರಿಲ್ಲ. ನಾ ಮೂರು ಸಲ ಕುಂತೀನಿ, ಮೂರೂ ಸಲ ಗಣಿತ ನನ್ನ ಎಬ್ಬಿಸಿ ಕಳಸೇತಿ. ಇಂವ ಡಿಗ್ರಿ ಮುಗಿಸಿದಾ ಅಂದ್ರ, ನನ್ನ ಸ್ವಂತ ಕಾರಿನ್ಯಾಗ ಕುಂದ್ರಿಸಿ ಧಾರವಾಡಕ್ಕ ಕರಕೊಂಡು ಹೊಕ್ಕೀನಿ, ಬರಕೋರಿ." ಆಗ ಕಾಕಾ ಸಾಹುಕಾರರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಅವನದೇ ಅಂತ ಇದ್ದ ವಾಹನ ಬೆಲ್ಲಿಲ್ಲದ ಒಂದು ಸೈಕಲ್ಲು. ಹೀಗಾಗಿ ಎರಡು ಆಗದ ಮಾತುಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದ ಅಂತ ಕಟ್ಟೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಯೊಳಗೆ ಹೋಗಿ ಅತ್ತದ್ದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಕಾಕಾನ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಬರುವಂತಿರಲಿಲ್ಲ, ಅದೇ ದೊಡ್ಡ ಕಷ್ಟ. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಆಮೇಲೆ ನನ್ನನ್ನೂ ಅವ್ವನನ್ನೂ ನೋಡಿಕೊಂಡವನು ಈ ಕಾಕಾನೇ. ನಾನು ಧಾರವಾಡದಲ್ಲಿ ರೂಮು ಹಿಡಿದು ಓದುವಾಗ, ಅವ್ವ ಬಡಿದ ರೊಟ್ಟಿಯ ಗಂಟನ್ನು ಮುಂಜಾನೆಯ ಬಸ್ಸಿಗೆ ಏರಿಸಿ ಕಂಡಕ್ಟರರ ಕೈಗೆ ಒಪ್ಪಿಸುವವನು ಅವನು. ಗಂಟು ಒಂದು ದಿನವೂ ತಪ್ಪಲಿಲ್ಲ. ಗಂಟಿನ ಜೊತೆಗಿನ ಮಾತೂ ತಪ್ಪಲಿಲ್ಲ: "ರೊಟ್ಟಿ ತಿಂದು ಊರಿಗೆ ಬಂದ್ಬಿಡು ಅಂತ ಹೇಳ್ರಿ ನಮ್ಮ ಹುಡುಗಗ, ಹೊಲ ಕಾಯಾಕತ್ತೇತಿ." ಕಂಡಕ್ಟರರು ಇದನ್ನು ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ, ಕಾಲೇಜಿನ ಹುಡುಗಿಯರು ನಿಂತಿದ್ದರೂ ಲೆಕ್ಕಿಸದೆ, ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದರು. ನಡುವೆ ಒಮ್ಮೆ ನಾನು ಫೇಲೂ ಆದೆ. ಭೌತಶಾಸ್ತ್ರದ ಉಷ್ಣದ ಪೇಪರು. ಮತ್ತೆ ಕುಳಿತು, ಕಬ್ಬಿಣ ಕಾವನ್ನು ಬೇಗ ಹಾಯಿಸುತ್ತದೆ, ರಬ್ಬರು, ಗೋಣಿತಟ್ಟು, ಕಂಬಳಿ ಹಾಯಿಸುವುದಿಲ್ಲ ಎಂಬುದನ್ನು ನಾಲ್ಕು ಪುಟ ಬರೆದು ಪಾಸಾದೆ. ಇದನ್ನು ಸ್ವಲ್ಪ ನೆನಪಿನಲ್ಲಿಡಿ. ನನ್ನ ಮರ್ಯಾದೆ ಮುಂದೆ ಹೋಗುವುದು ಈ ನಾಲ್ಕು ಪುಟದಲ್ಲೇ.

ಪಾಸಾದ ಸುದ್ದಿ ಬಂತು. ಒಂದು ತಿಂಗಳ ಮೇಲೆ ಹುಬ್ಬಳ್ಳಿಗೆ ಹೋದ ಕಾಕಾ, ಯಾರೋ ಡಾಕ್ಟರು ವರ್ಷಗಟ್ಟಲೆ ಓಡಿಸಿ ಬಿಟ್ಟ ದುಂಡು ಬೆನ್ನಿನ ಹಳೇ ಕಾರಿನಲ್ಲಿ ಕೂತು ಬಂದ. ಮದುವೆ ಮುಂಜಿಗೆ ಬಾಡಿಗೆ ಹೊಡೆಯಲು ಅಂತ ಊರಿಗೆ ಹೇಳಿದ. ಅವ್ವನಿಗೆ ಮಾತ್ರ, "ಮಾತು ಕೊಟ್ಟಿದ್ನಲ್ಲರಿ ವೈನಿ" ಎಂದನಂತೆ.

ಕಾಕಾನ ಕಣ್ಣಿಗೆ ಕಾರೆಂದರೆ ಸಾಕ್ಷಾತ್ ಲಕ್ಷ್ಮಿ. ಲಕ್ಷ್ಮಿಯೊಳಗೆ ಚಪ್ಪಲಿ ಹಾಕಿಕೊಂಡು ಕೂರುವುದುಂಟೆ? ಹತ್ತುವ ಮೊದಲು ಎಲ್ಲರೂ ಚಪ್ಪಲಿ ಬಿಡಬೇಕು. ಅವನ್ನೆಲ್ಲ ಒಂದು ಚೀಲಕ್ಕೆ ತುಂಬಿ ಹಿಂದಿನ ಡಿಕ್ಕಿಯಲ್ಲಿ ಇಡುತ್ತಿದ್ದ. ಮದುವೆಗೆ ಹೋದ ಬೀಗರು ಒಂಬತ್ತು ಜನ ಇಳಿದರೆ ಹದಿನೆಂಟು ಚಪ್ಪಲಿಗೆ ಜೋಡಿ ಹುಡುಕುವುದರೊಳಗೆ ಅಕ್ಕಿಕಾಳು ಬಿದ್ದು ಮುಗಿದಿರುತ್ತಿತ್ತು. ಕಾಕಾನೂ ಬರಿಗಾಲಲ್ಲೇ ಓಡಿಸುತ್ತಿದ್ದ. ಅವನ ಕಾಲ ಬುಡಕ್ಕೆ ಒಂದು ಹಳೇ ಗೋಣಿತಟ್ಟು ನಾಲ್ಕು ಮಡಿಕೆಯಾಗಿ ಬಿದ್ದಿರುತ್ತಿತ್ತು. ಶೇಂಗಾ, ಎಣ್ಣೆ, ಮಣ್ಣು ಮೂರೂ ಕೂಡಿದ ವಾಸನೆ ಅದಕ್ಕೆ.

ಪದವಿ ಪತ್ರ ಕೊಡುವ ಸಮಾರಂಭದ ಹಿಂದಿನ ದಿನ ನಾನೇ ಕಾರು ತೊಳೆಯಲು ನಿಂತೆ. ನಮ್ಮ ಮನೆತನದ ಮೊದಲನೇ ಪದವೀಧರ ಹೋಗಿ ಇಳಿಯುವ ಕಾರು. ಗೆಳೆಯರು ನೋಡುತ್ತಾರೆ, ಪ್ರಾಧ್ಯಾಪಕರು ನೋಡುತ್ತಾರೆ. ಗಾಜು ಒರೆಸಿದೆ, ಚಕ್ರ ತಿಕ್ಕಿದೆ. ಆ ಗೋಣಿತಟ್ಟನ್ನು ಎರಡು ಬೆರಳಲ್ಲಿ ಎತ್ತಿ ದನದ ಕೊಟ್ಟಿಗೆಗೆ ಒಗೆದೆ. ಹಿಂದಿನ ಸೀಟಿಗೆ ಹಾಸಲು ಹೊಸ ಜಮಖಾನೆಯಿತ್ತು. ಅವ್ವನ ತವರು ನವಲಗುಂದ. ಅಲ್ಲಿ ಬಾಜೂ ಮನೆಯ ಹಾಜರಾಬಿ ಅವ್ವನ ಸಣ್ಣಂದಿನ ಗೆಳತಿ, ನನಗೆ ಚಿಕ್ಕಮ್ಮನಂಥ ಮಾವಶಿ. ನಾನು ಪಾಸಾದೆನೆಂದು ತಿಳಿದು ತಾನೇ ಮಗ್ಗಕ್ಕೆ ಕೂತು ಕೆಂಪು ಹಳದಿ ನೂಲಿನಲ್ಲಿ ನೇಯ್ದು ಕೊಟ್ಟಿದ್ದಳು. ಕೊಡುವಾಗ, "ಟ್ರಂಕಿನ್ಯಾಗ ಮಡಚಿ ಇಡಬ್ಯಾಡ ಮತ್ತ. ಹಾಸಾಕಂತ ನೇಯ್ದೀನಿ" ಅಂದಿದ್ದಳು. ಕಾಕಾ ಬಂದು ತೊಳೆದ ಕಾರನ್ನು ಸುತ್ತು ಹಾಕಿ ನೋಡಿದ. ಬಾಗಿಲು ತೆಗೆದು ಬರಿದಾದ ತಗಡನ್ನೂ ನೋಡಿದ. "ಚಂದ ಮಾಡೀಯಪಾ" ಎಂದು ಬಾಗಿಲು ಹಾಕಿದ.

ಮರುದಿನ ಹೊರಟೆವು. ಹನ್ನೊಂದಕ್ಕೆ ಸಭೆ. ಹೆಸರು ಕೂಗಿದಾಗ ಇರದವರ ಪತ್ರ ಅಂಚೆಯಲ್ಲಿ ಬರುತ್ತದೆ ಎಂದು ಮೊದಲೇ ತಿಳಿಸಿದ್ದರು. ಅಂಚೆಯಲ್ಲಿ ಬಂದರೂ ಅಕ್ಷರ ಅವೇ. ಆದರೆ ಅವ್ವನಿಗೆ ಅಕ್ಷರ ಬರುವುದಿಲ್ಲ. ಒಬ್ಬರು ಕೊಡುವುದನ್ನು, ಮಗ ಕೈ ಚಾಚಿ ತೆಗೆದುಕೊಳ್ಳುವುದನ್ನು ನೋಡಿದರೇ ಅವಳಿಗೆ ಅದು ಓದಿದಂತೆ. ಅವಳು ಹಿಂದಿನ ಸೀಟಿನಲ್ಲಿ ಜಮಖಾನೆಯ ಮೇಲೆ ಕಾಲು ಮಡಚಿ ಚಕ್ಕಂಬಕ್ಕಲ ಹಾಕಿ ಕೂತಳು. ನಾನು ಕಾಕಾನ ಬಾಜೂಕ. ಬೂಟು ಬಿಚ್ಚಲು ಬಗ್ಗಿದೆ. ಕಾಕಾ ತಡೆದ. "ಇವತ್ತೊಂದಿನ ಇರ್ಲಿ. ಲಕ್ಷ್ಮಿಗೆ ನಾ ಹೇಳ್ತೀನಿ." ಇಷ್ಟು ದೊಡ್ಡ ಮರ್ಯಾದೆಯನ್ನು ಆ ಕಾರು ಮದುಮಗನಿಗೂ ಕೊಟ್ಟಿರಲಿಲ್ಲ.

ಊರು ಬಿಟ್ಟು ಹರದಾರಿ ದಾಟಿರಲಿಲ್ಲ, ವಾಸನೆ ಶುರುವಾಯಿತು. ಏನೋ ಸುಡುವ ವಾಸನೆ. ಮನುಷ್ಯನ ಮೂಗು ತಾನು ಬಾಳಿದ್ದನ್ನೇ ಮೂಸುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು. "ಎಲ್ಲೋ ಹಾಲು ತಳ ಹತ್ತೇತಿ" ಅಂದಳು ಅವ್ವ, ಸುತ್ತ ಮೈಲುಗಟ್ಟಲೆ ಹತ್ತಿ ಕಿತ್ತ ಬರಿ ಹೊಲ ಬಿಟ್ಟರೆ ಒಂದು ಒಲೆಯೂ ಇಲ್ಲದಲ್ಲಿ. ಕಾಕಾನಿಗೆ ಎತ್ತಿನ ಕೊಂಬಿಗೆ ಕಾದ ಕಬ್ಬಿಣ ತಾಗಿದ ನಾತ. ನಾನು ವಿಜ್ಞಾನದ ಪದವೀಧರ. ಬರೀ ಮೂಸಿದರೆ ಸಾಲದು, ಕಾರಣ ಹೇಳಬೇಕು. "ವಾಯರಿನ ಮೇಲಿನ ರಬ್ಬರ್ ಸುಡುತ್ತಿದೆ, ಕಾಕಾ. ಬ್ಯಾಟರಿಯಿಂದ ವಿದ್ಯುತ್ ಹೆಚ್ಚು ಹರಿದಾಗ ಹೀಗಾಗುತ್ತದೆ" ಎಂದೆ, ಪುಸ್ತಕದ ಕನ್ನಡದಲ್ಲಿ. ಕಾಕಾ ಗೌರವದಿಂದ ಕಾರು ನಿಲ್ಲಿಸಿದ. ಬಾನೆಟ್ ಎತ್ತಿ ಒಂದೊಂದೇ ವಾಯರು ಮುಟ್ಟಿ ನೋಡಿದೆ. ಎಲ್ಲವೂ ತಣ್ಣಗಿದ್ದವು. ಬಿಳಿ ಅಂಗಿಯ ತೋಳಿಗೆ ಮಸಿ ಹತ್ತಿದ್ದೊಂದೇ ಲಾಭ.

"ಇಲ್ಲಂದ್ರ ಏನಿರಬೇಕೋ?" ಕಾಕಾ ಕೇಳಿದ.

"ನೋಡಬೇಕು" ಎಂದೆ. ನಾಲ್ಕು ವರ್ಷದ ಓದಿನಲ್ಲಿ ಗಟ್ಟಿಯಾಗಿ ಕಲಿತ ಉತ್ತರ ಅದೊಂದೇ ಇರಬೇಕು.

ಅಣ್ಣಿಗೇರಿಯಲ್ಲಿ ಒಬ್ಬ ಮಿಸ್ತ್ರಿ ಸಿಕ್ಕ. ವಯಸ್ಸಾದವನು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಕಾರಿನ ಹತ್ತಿರ ಬಂದು ಒಮ್ಮೆ ಮೂಸಿದ. "ಕ್ಲಚ್ ಪ್ಲೇಟ್ ಸುಡಾಕತ್ತೇತ್ರಿ" ಎಂದ. ಆಮೇಲೆ ಚಪ್ಪಲಿ ಬಿಚ್ಚದೆಯೇ ಹತ್ತಿ ಕೂತು ಕಾರು ಹೊಡೆದುಕೊಂಡು ಹೋದ. ಕಾಕಾ ಕಣ್ಣು ಮುಚ್ಚಿಕೊಂಡ. ವೈದ್ಯರಿಗೆ ಯಾವ ಮಡಿ ಅಂತ ಸಮಾಧಾನ ಮಾಡಿಕೊಂಡಿರಬೇಕು. ಮಿಸ್ತ್ರಿ ಕೆರೆಯ ತನಕ ಹೋಗಿ ತಿರುಗಿ ಬಂದ. ವಾಸನೆ ಇಲ್ಲ. ರಾತ್ರಿಯೆಲ್ಲ ಅತ್ತ ಕೂಸು ಡಾಕ್ಟರರ ಮುಂದೆ ಕಿಲಕಿಲ ನಗುವಂತೆ ಕಾರು ಸುಮ್ಮನೆ ನಿಂತಿತ್ತು.

"ಗಾಡಿ ಅಗದಿ ಚಲೋ ಐತ್ರಿ. ಸಿಟ್ಟಾಗಬ್ಯಾಡ್ರಿ, ನೀವು ಹೊಡಿಯೋ ಮುಂದ ಕ್ಲಚ್ಚಿನ ಮ್ಯಾಲ ಕಾಲ ಇಟಗೊಂಡ ಕುಂದರ್ತೀರೇನು? ಸ್ವಲ್ಪ ಭಾರ ಬಿದ್ರೂ ಪ್ಲೇಟ್ ತಿಕ್ಕಿ ಸುಡತೈತಿ."

ಕಾಕಾನಿಗೆ ಇದು ಎದೆಗೆ ಹೊಡೆದಂತಾಯಿತು. "ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡದೀನೋ ಮಿಸ್ತ್ರಿ. ಕಾಲ ಎಲ್ಲಿಡಬೇಕು ಅಂತ ನೀ ಹೇಳ್ತಿ?"

"ಹಂಗಾದ್ರ ಗೇರ್ ಬಾಕ್ಸ್ ಇಳಿಸಿ ನೋಡಬೇಕ್ರಿ. ಎರಡ ದಿನ ಬಿಡ್ರಿ."

ಎರಡು ದಿನ ಎಲ್ಲಿಂದ ತರುವುದು? ಹೊರಟೆವು. ಮತ್ತೆ ಕಾಕಾನೇ ಓಡಿಸಿದ. ಅಣ್ಣಿಗೇರಿ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ವಾಸನೆ ಮೊದಲಿಗಿಂತ ಜೋರಾಯಿತು. ಇಂಜಿನ್ನು ಒದರುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಸಣ್ಣ ಏರಿಗೂ ಏದುಸಿರು. ಕಡೆಗೊಂದು ಬೇವಿನ ಗಿಡದ ನೆರಳಿಗೆ ತಂದು ನಿಲ್ಲಿಸಿ ಕಾಕಾ ಕೆಳಗಿಳಿದ. ಹಿಂದಿನಿಂದ ಹುಬ್ಬಳ್ಳಿಯ ಬಸ್ಸು ಬರುತ್ತಿತ್ತು.

"ತಮ್ಮಾ, ಕೈ ಮಾಡು" ಎಂದ ಕಾಕಾ ನನ್ನ ಮುಖ ನೋಡದೆ. "ನೀನೂ ವೈನಿಯೂ ಹೋಗ್ರಿ. ನಾ ಇದನ್ನ ಹೆಂಗರ ತರತೀನಿ."

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ಒಂದು ಸಲವೂ ಬೇಡ ಅನ್ನದೆ ನಾನು ಕೈ ಮಾಡಿದೆ. ಬಸ್ಸು ನಿಂತಿತು. ಬಾಗಿಲಲ್ಲಿ ಅದೇ ಹಳೇ ಕಂಡಕ್ಟರರು. "ಏನಪಾ ರೊಟ್ಟಿ ಗಂಟು, ಹತ್ತತೀಯೋ ಇಲ್ಲೋ?" ನನ್ನ ಒಂದು ಬೂಟು ಆಗಲೇ ಮೆಟ್ಟಿಲ ಮೇಲಿತ್ತು. ತಿರುಗಿ ನೋಡಿದರೆ ಅವ್ವ ಕಾರಿನಿಂದ ಇಳಿದೇ ಇಲ್ಲ.

"ನಾ ಬರಂಗಿಲ್ಲ" ಎಂದಳು ಕಿಟಕಿಯಿಂದ. "ಕಾರಿನ್ಯಾಗ ಕರಕೊಂಡು ಹೊಕ್ಕೀನಿ ಅಂದಾವ ಕಾರ ತಂದು ನಿಲ್ಲಿಸ್ಯಾನ. ಅವನ್ನ ರಸ್ತೇದಾಗ ಬಿಟ್ಟು ಹೋಗಿ ಆ ಕಾಗದ ಯಾರಿಗೆ ತೋರಸ್ತಿ?"

ಬೂಟು ಕೆಳಗಿಳಿಯಿತು. ಬಸ್ಸು ಧೂಳೆಬ್ಬಿಸಿ ಹೋಯಿತು. ಅದರ ಹಿಂದೆಯೇ ನನ್ನ ಪದವಿಯೂ ಹೋದಂತೆ ಕಂಡಿತು. ನಾನು ಮತ್ತೆ ಬಾನೆಟ್ ಎತ್ತಲು ಹೊರಟೆ. ಅವ್ವ ಮಾತ್ರ ಕಾರಿನ ಕಡೆ ನೋಡುತ್ತಲೇ ಇರಲಿಲ್ಲ. ಅವಳು ನೋಡುತ್ತಿದ್ದದ್ದು ಕಾಕಾನನ್ನು. ಅವನು ಗಿಡದ ಬುಡದ ತಂಪು ಮಣ್ಣಿನಲ್ಲಿ ಎಡಗಾಲನ್ನು ತಿಕ್ಕುತ್ತ ಒಂಟಿಗಾಲಿನ ಕೊಕ್ಕರೆಯ ಹಾಗೆ ನಿಂತಿದ್ದ.

"ಮಲ್ಲಪ್ಪಾ, ಕಾಲ ತೋರ್ಸು."

"ಏನಿಲ್ಲರಿ ವೈನಿ."

"ತೋರ್ಸಂದೆ."

ಅಂಗಾಲು ಕೆಂಪಗೆ ಸುಟ್ಟಿತ್ತು. ಅವ್ವ ಇಳಿದು ಬಂದು ಅವನು ಕಾಲಿಡುವ ಕಡೆಯ ತಗಡಿನ ಮೇಲೆ ಅಂಗೈ ಇಟ್ಟಳು. ಹೆಂಚು ಮುಟ್ಟಿದವಳ ಹಾಗೆ ಹಿಂದಕ್ಕೆ ತೆಗೆದಳು. ಆಮೇಲೆ ಕ್ಲಚ್ಚಿನ ಪೆಡಲು ಮುಟ್ಟಿದಳು. ಅದರ ಮೇಲೆ ರಬ್ಬರಿನ ಪಟ್ಟಿ. "ಇದು ತಣ್ಣಗೈತಿ" ಎಂದಳು. "ಕೆಳಗ ಕಾಲ ಊರಾಕ ಆಗವಲ್ದು, ಇದರ ಮ್ಯಾಲ ಇಟಗೊಂಡ ಬಂದಿ. ಹೌದಿಲ್ಲೋ?"

ಕಾಕಾ ತನ್ನ ಎಡಗಾಲನ್ನೇ ನೋಡಿಕೊಂಡ. "ಇಟ್ಟಿದ್ನೇನೋರಿ. ನಂಗ ಗೊತ್ತ ಆಗಲಿಲ್ಲ." ಚಪ್ಪಲಿ ಹಾಕಿಕೊಂಡ ಮಿಸ್ತ್ರಿಯ ಕಾಲು ಸುಡಲಿಲ್ಲ, ಹಾಗಾಗಿ ವಾಸನೆಯೂ ಬರಲಿಲ್ಲ. ಬೂಟು ಹಾಕಿಕೊಂಡ ನನಗೆ ಇಂಜಿನ್ನಿನ ಕಾವಿಗೆ ತಗಡು ಕಾದದ್ದೇ ತಿಳಿಯಲಿಲ್ಲ.

"ಮೊದಲ ಇಲ್ಲೊಂದು ತಟ್ಟ ಇರ್ತಿತ್ತಲ್ಲ, ಅದೆಲ್ಲಿ ಹೋತು?" ಎಂದಳು ಅವ್ವ.

ಇಬ್ಬರೂ ನನ್ನ ಕಡೆ ನೋಡಿದರು.

"ಯಾಕ ಹೇಳಲಿಲ್ಲ ಕಾಕಾ?" ಎಂದೆ.

"ಹೆಂಗ ಹೇಳಲಿ? ಕಾರ ತೊಳದು ಅಷ್ಟ ಹಿಗ್ಗಿನ್ಯಾಗ ನಿಂತಿದ್ದಿ. ಒಂದಿನದ ಮಾತು, ಇರ್ಲಿ ಬಿಡು ಅಂದೆ."

ಕಬ್ಬಿಣ ಕಾವನ್ನು ಬೇಗ ಹಾಯಿಸುತ್ತದೆ. ರಬ್ಬರು, ಗೋಣಿತಟ್ಟು ಹಾಯಿಸುವುದಿಲ್ಲ. ನಾಲ್ಕು ಪುಟ ಬರೆದಿದ್ದೆ. ಪರೀಕ್ಷೆ ಮಾಡಿದವರು ಒಳ್ಳೆಯ ಅಂಕ ಕೊಟ್ಟಿದ್ದರು. ನನ್ನ ಬಾಜೂಕ ಒಬ್ಬ ಮನುಷ್ಯ ಅದೇ ಪ್ರಶ್ನೆಗೆ ಅಂಗಾಲಿನಿಂದ ಉತ್ತರ ಬರೆಯುತ್ತ ಬಂದಿದ್ದ, ನಾನು ಬಾನೆಟ್ಟಿನೊಳಗೆ ಮೂಗು ತೂರಿಸುತ್ತಿದ್ದೆ.

ಅಷ್ಟರಲ್ಲಿ ಅವ್ವ ಹಿಂದಿನ ಸೀಟಿನಿಂದ ಜಮಖಾನೆ ಎಳೆದಳು. ಕಾಕಾ ಬೆಚ್ಚಿದ. "ಬ್ಯಾಡ್ರಿ ವೈನಿ. ಹಾಜರಾಬಿ ಅಕ್ಕಾರು ನಮ್ಮ ಹುಡುಗ ಕುಂದರಾಕಂತ ನೇಯ್ದಾರ. ಅದನ್ನ ನಾ ತುಳೀಲೇನು?"

"ಹಾಸಾಕಂತ ನೇಯ್ದೀನಿ ಅಂದಾಳ. ಯಾರಿಗಂತ ಹೇಳಿಲ್ಲ."

ಅವ್ವನ ಕೈಯಿಂದ ಅದನ್ನು ಇಸಿದುಕೊಂಡು ನಾನೇ ಮಡಚಿದೆ. ಮಂಡಿಯೂರಿ ಕೂತು, ಪೆಡಲಿಗೆ ತಾಗದಂತೆ, ಕಾಕಾನ ಕಾಲು ಬರುವಲ್ಲಿ ಹಾಸಿದೆ. ಪ್ಯಾಂಟಿನ ಮಂಡಿಗೆ ಎರೆಮಣ್ಣು ಹತ್ತಿತು. ಕಾಕಾ ಜಮಖಾನೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಕಾಲಿಟ್ಟ. ಕಾರನ್ನು ಸ್ವಲ್ಪ ಆರಲು ಬಿಟ್ಟು ಹೊರಟೆವು. ಹುಬ್ಬಳ್ಳಿ ಬಂತು, ನವನಗರ ಬಂತು, ವಾಸನೆ ಬರಲಿಲ್ಲ. ಅವ್ವ ಮಾತ್ರ ಐದೈದು ನಿಮಿಷಕ್ಕೆ, "ಕಾಲ ಎಲ್ಲೈತಿ?" ಎಂದು ಕೇಳುತ್ತಿದ್ದಳು. "ನೆಲದ ಮ್ಯಾಲ ಐತ್ರಿ" ಎಂದು ಕಾಕಾ ಹಾಜರಿ ಕೊಡುತ್ತಿದ್ದ.

ನಾವು ಮುಟ್ಟಿದಾಗ ಹೆಸರು ಕೂಗುವುದು ಅರ್ಧ ದಾಟಿತ್ತು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ವೀರಣ್ಣ ಎಂಬ ನನ್ನ ಹೆಸರು ಕೊನೆಕೊನೆಗೆ ಬರುತ್ತದೆ. ಅಪ್ಪ ನನಗಾಗಿ ಮಾಡಿಟ್ಟು ಹೋದ ಆಸ್ತಿ ಆ ಹೆಸರೊಂದೇ. ಅದು ಅವತ್ತು ಕೆಲಸಕ್ಕೆ ಬಂತು. ತೋಳಿಗೆ ಮಸಿ, ಮಂಡಿಗೆ ಮಣ್ಣು, ಹಾಗೆಯೇ ಮೇಲೆ ಹೋದೆ. ಪತ್ರ ಕೊಟ್ಟರು. ಕೈ ಚಾಚಿ ತೆಗೆದುಕೊಂಡೆ. ನಡುವಿನ ಒಂದು ಸಾಲಿನಲ್ಲಿ ಅವ್ವ ಎದ್ದು ನಿಂತಿದ್ದಳು. ಹಿಂದಿನವರು ಕೂಡ್ರಿ ಕೂಡ್ರಿ ಎಂದರೂ ಕೂಡಲಿಲ್ಲ.

ಹೊರಗೆ ಬಂದು ಪತ್ರವನ್ನು ಅವಳ ಕೈಗೆ ಕೊಟ್ಟೆ. ಅವಳು ಒಂದು ಗಳಿಗೆ ಎದೆಗೆ ಹಿಡಿದುಕೊಂಡು ಕಾಕಾನ ಕೈಗೆ ಕೊಟ್ಟಳು. ಕಾಕಾ ಎರಡೂ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದ. ಅವ್ವ ತಲೆಕೆಳಗಾಗಿ ಕೊಟ್ಟಿದ್ದಳು, ತಿರುಗಿಸಿ ಕೊಟ್ಟೆ. ಬಹಳ ಹೊತ್ತು ನೋಡಿದ. ಆಮೇಲೆ ಮೂಗಿನ ಹತ್ತಿರ ತಂದು ಒಮ್ಮೆ ಮೂಸಿದ.

"ಸುಟ್ಟ ವಾಸನಿ ಏನೂ ಇಲ್ಲ. ಖರೇನ ಐತಿ" ಎಂದ. ಕಣ್ಣು ಒರೆಸಿಕೊಂಡು, ಪತ್ರವನ್ನು ನನ್ನ ಕೈಗಿಟ್ಟ. "ಕಟ್ಟು ಹಾಕಿಸಿ ಪಡಸಾಲಿ ಗ್ವಾಡಿಗೆ ಹಾಕೂಣು. ಆದ್ರ ಇನ್ನ ಮ್ಯಾಲೆ ಯಾರದರ ಕಾಲ ಬುಡಕಿನ ತಟ್ಟ ತಗಿಯೂಕಿಂತ ಮೊದಲ ಅವರನ್ನೊಂದ ಮಾತ ಕೇಳಪಾ."